ಶರತ್ಕಾಲದ ವಲಸೆ ಹಕ್ಕಿಗಳು: ಯಾವುದು ಅಪರೂಪ, ಯಾವುದು ಅಲ್ಲ?

ಚಳಿ ಬಿದ್ದ ಮೇಲೆ ವಲಸೆ ಹಕ್ಕಿಗಳು ಬರುತ್ತವೆ ಎಂಬುದು ನಾಡಿನಲ್ಲಿ ಬೇರೂರಿರುವ ನಂಬಿಕೆ. ವಾಸ್ತವದಲ್ಲಿ ಅವುಗಳ ಆಗಮನ ಮುಂಗಾರು ಇನ್ನೂ ಸುರಿಯುತ್ತಿರುವಾಗಲೇ ಆರಂಭವಾಗಿರುತ್ತದೆ. ಆಗಸ್ಟ್ ಮೊದಲ ವಾರದ ಹೊತ್ತಿಗೆ ರಾಜ್ಯದ ಕೆರೆಗಳ ಕೆಸರಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಗೊರವಗಳು ಕಾಣಸಿಗುತ್ತವೆ. ಉತ್ತರ ಏಷ್ಯಾದ ಜೌಗು ಕಾಡುಗಳಲ್ಲಿ ಮೊಟ್ಟೆಯಿಟ್ಟು, ಮರಿ ಮಾಡಿ, ಆ ಕೆಲಸ ಮುಗಿಯುತ್ತಿದ್ದಂತೆ ದಕ್ಷಿಣದ ಹಾದಿ ಹಿಡಿದ ಹಕ್ಕಿಗಳಿವು. ಗೊರವಗಳ ಅನೇಕ ಪ್ರಭೇದಗಳಲ್ಲಿ ವಯಸ್ಕ ಹಕ್ಕಿಗಳು ಮೊದಲು ಹೊರಟುಬಿಡುತ್ತವೆ. ಆ ವರ್ಷ ಹುಟ್ಟಿದ ಮರಿಗಳು ವಾರಗಳ ಬಳಿಕ, ದಾರಿ ತೋರಿಸುವವರಿಲ್ಲದೆ, ಹುಟ್ಟರಿವಿನ ಬಲದಿಂದಲೇ ಸಾವಿರಾರು ಕಿಲೋಮೀಟರ್ ಕ್ರಮಿಸಿ ಅದೇ ನಾಡಿಗೆ ಬಂದು ಸೇರುತ್ತವೆ.

ಮಧ್ಯ ಏಷ್ಯಾ ಹಾರುದಾರಿ ಎಂದು ಪಕ್ಷಿತಜ್ಞರು ಗುರುತಿಸುವ ಮಾರ್ಗ ಆರ್ಕ್‌ಟಿಕ್ ಅಂಚಿನಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹರಡಿಕೊಂಡಿದೆ. ಕರ್ನಾಟಕ ಈ ಹಾದಿಯ ದಕ್ಷಿಣದ ತುದಿಗೆ ಹತ್ತಿರದಲ್ಲಿದೆ. ರಾಜ್ಯದಲ್ಲಿ ದಾಖಲಾಗಿರುವ ಐನೂರಕ್ಕೂ ಹೆಚ್ಚು ಪ್ರಭೇದಗಳ ಪೈಕಿ ಗಣನೀಯ ಪಾಲು ಈ ಋತುವಿನ ಅತಿಥಿಗಳದು. ಕೆಲವು ಇಲ್ಲಿಯೇ ಚಳಿಗಾಲ ಕಳೆಯುತ್ತವೆ, ಇನ್ನು ಕೆಲವು ಇಲ್ಲಿ ಒಂದೆರಡು ದಿನ ತಂಗಿ ಶ್ರೀಲಂಕೆಗೋ ಆಫ್ರಿಕಾಕ್ಕೋ ಮುಂದುವರಿಯುತ್ತವೆ.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ

ರೈತರ ಮಳೆ ನಕ್ಷತ್ರಗಳ ಲೆಕ್ಕ ಹಿಡಿದರೆ ಈ ಆಗಮನದ ಕ್ರಮ ಸುಲಭವಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ಮಘೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಉತ್ತರಾರ್ಧದಲ್ಲಿ, ಉತ್ತರ ಕರ್ನಾಟಕದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಗುಂಪುಗಳು ಮೋಡದಂತೆ ತಿರುಗುತ್ತವೆ. ಮಧ್ಯ ಏಷ್ಯಾದಲ್ಲಿ ಮಿಡತೆಗಳನ್ನು ತಿಂದು ಮರಿ ಸಾಕುವ ಈ ಹಕ್ಕಿ ಅಲ್ಲಿಯ ರೈತರಿಗೆ ಬಂಧು. ಇಲ್ಲಿ ಜೋಳದ ತೆನೆಗೆ ಎರಗುವುದರಿಂದ ಬೈಗುಳಕ್ಕೆ ಗುರಿ. ಹುಬ್ಬೆ ಮಳೆ ಹಿಡಿಯುವಾಗ, ಹೆಚ್ಚುಕಡಿಮೆ ಗೌರಿ-ಗಣೇಶ ಹಬ್ಬದ ಆಸುಪಾಸಿನಲ್ಲಿ, ಹೊಟ್ಟೆಯಡಿ ಹಳದಿ ಮೆತ್ತಿಕೊಂಡ ಬೂದು ಸಿಪಿಲೆ ಮಲೆನಾಡಿನ ತೊರೆಗಳಿಗೂ ನಗರದ ಮನೆ ಅಂಗಳಗಳಿಗೂ ಬಂದಿಳಿಯುತ್ತದೆ. ಬಾಲವನ್ನು ಸದಾ ಮೇಲೆ ಕೆಳಗೆ ಆಡಿಸುವ ಸಿಪಿಲೆಗಳಿಗೆ ಕುಂಡೆಕುಸ್ಕ ಎಂಬ ಹೆಸರೂ ಇದೆ. ಅದಕ್ಕಿಂತ ಚೆನ್ನಾಗಿ ಈ ಹಕ್ಕಿಯನ್ನು ಬಣ್ಣಿಸಿದ ಪಕ್ಷಿ ಕೈಪಿಡಿ ಇಲ್ಲ.

ಉತ್ತರೆ ಮತ್ತು ಹಸ್ತ ಮಳೆಯ ಅವಧಿ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಆರಂಭದವರೆಗಿನದು, ಸಣ್ಣ ಹಕ್ಕಿಗಳ ಕಾಲ. ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕೂರುವ ಸ್ವಾಲೋಗಳು, ಪೊದೆಯ ತುದಿಯಲ್ಲಿ ಕುಳಿತು ಕರ್ಕಶವಾಗಿ ಕಿರುಚುವ ಕಂದು ಕಳಿಂಗ, ಬಿಳಿಯ ಉದ್ದ ಬಾಲದಿಂದ ಎಲ್ಲರ ಕಣ್ಸೆಳೆಯುವ ರಾಜಹಕ್ಕಿ, ಇವೆಲ್ಲ ಆಗ ಬರುತ್ತವೆ. ಸಂಖ್ಯೆಯಲ್ಲಿ ಇವೆಲ್ಲವನ್ನೂ ಮೀರಿಸುವಂತಿದ್ದರೂ ಯಾರ ಗಮನಕ್ಕೂ ಬಾರದ ಹಕ್ಕಿಯೆಂದರೆ ಗ್ರೀನಿಶ್ ವಾರ್ಬ್ಲರ್. ಎಲೆಯ ಬಣ್ಣದ, ಹತ್ತು ಗ್ರಾಂ ಕೂಡ ತೂಗದ ಈ ಹಕ್ಕಿ ಮರದ ಮೇಲ್ಭಾಗದಲ್ಲಿ ಎಲೆಯಿಂದ ಎಲೆಗೆ ನೆಗೆಯುತ್ತಾ ಕೀಟ ಹೆಕ್ಕುತ್ತಿರುತ್ತದೆ. ಬೆಂಗಳೂರು, ಮೈಸೂರಿನ ಸಾಲುಮರಗಳಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕೇಳಿಬರುವ ತೀಕ್ಷ್ಣವಾದ "ಚಿಸ್‌ವಿ" ಕೂಗು ಅದರದೇ. ಚಳಿಗಾಲದಲ್ಲಿಯೂ ತನ್ನ ಕೆಲವು ಮರಗಳನ್ನು ಗಡಿ ಹಾಕಿಕೊಂಡು ಕಾಯುವ ಸ್ವಭಾವ ಇದಕ್ಕಿದೆ.

ಚಿತ್ತೆ, ಸ್ವಾತಿಯ ಹೊತ್ತಿಗೆ ಬಾತುಗಳು, ಹುಲ್ಲುಗಾವಲಿನ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವಗಳು, ಕಾಡಿನ ನೆಲದಲ್ಲಿ ತರಗೆಲೆ ಕೆದಕುವ ನವರಂಗ ಬಂದಿರುತ್ತವೆ. ಕರಾವಳಿಯ ಮರಳದಂಡೆಗಳಲ್ಲಿ ಗಲ್‌ಗಳು, ಅಘನಾಶಿನಿ ಅಳಿವೆಯ ಕೆಸರುಬಯಲಿನಲ್ಲಿ ಪ್ಲೋವರ್‌ಗಳು ನೆಲೆಯೂರುವುದೂ ಇದೇ ಅವಧಿಯಲ್ಲಿ. ಎಲ್ಲಕ್ಕಿಂತ ಕಡೆಯಲ್ಲಿ, ನವೆಂಬರ್ ತಿಂಗಳಲ್ಲಿ, ಬರುವುದು ಪಟ್ಟೆತಲೆ ಬಾತು.

ಸೈಬೀರಿಯಾ ಎಂಬ ಭ್ರಮೆ

ಪ್ರತಿ ವರ್ಷ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನೂ, ರಂಗನತಿಟ್ಟಿನ ಬಣ್ಣದ ಕೊಕ್ಕರೆಗಳನ್ನೂ ಸೈಬೀರಿಯಾದಿಂದಲೋ ಆಸ್ಟ್ರೇಲಿಯಾದಿಂದಲೋ ಬಂದ ವಿದೇಶಿ ಅತಿಥಿಗಳೆಂದು ಬಣ್ಣಿಸುವ ವಾಡಿಕೆ ಪತ್ರಿಕೆಗಳಲ್ಲಿಯೂ ಇದೆ, ಪ್ರವಾಸಿ ಮಾರ್ಗದರ್ಶಿಗಳ ಮಾತಿನಲ್ಲಿಯೂ ಇದೆ. ಇದು ಸರಿಯಲ್ಲ. ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಾಯ್ಕಳಕ ಎಂಬಿವು ಈ ಉಪಖಂಡದವೇ. ನೀರು ಮತ್ತು ಮೀನು ಇರುವ ಕಡೆಗೆ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಅವು ಓಡಾಡುತ್ತವೆ, ಅಷ್ಟೆ. ಹಿಮಾಲಯದಾಚೆಯಿಂದ ಚಳಿ ತಪ್ಪಿಸಿಕೊಳ್ಳಲು ಬರುವ ಹಕ್ಕಿ ಇಲ್ಲಿ ಗೂಡು ಕಟ್ಟುವುದಿಲ್ಲ; ಅದರ ಬಾಣಂತನವೆಲ್ಲ ಉತ್ತರದಲ್ಲಿ. ಆದ್ದರಿಂದ ಮರದ ತುಂಬ ಗೂಡು ಕಟ್ಟಿ ಮರಿಗೆ ಗುಟುಕು ಕೊಡುತ್ತಿರುವ ಹಕ್ಕಿಯನ್ನು ಕಂಡರೆ ಅದು ಸೈಬೀರಿಯಾದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಸೈಬೀರಿಯಾದ ಹೆಸರು ಜನಮನದಲ್ಲಿ ಗಟ್ಟಿಯಾಗಿ ನಿಲ್ಲಲು ರಾಜಸ್ಥಾನದ ಭರತ್‌ಪುರಕ್ಕೆ ಬರುತ್ತಿದ್ದ ಸೈಬೀರಿಯನ್ ಕ್ರೇನ್‌ಗಳೂ ಕಾರಣವಿರಬಹುದು. ಆ ಹಿಮಶ್ವೇತ ಹಕ್ಕಿಗಳ ಕೊನೆಯ ಜೋಡಿ ಅಲ್ಲಿ ಕಂಡದ್ದು 2001-02ರ ಚಳಿಗಾಲದಲ್ಲಿ. ಬಳಿಕ ಬರಲೇ ಇಲ್ಲ.

ಅಪರೂಪಕ್ಕೆ ಮೂರು ಅರ್ಥ

"ಅಪರೂಪದ ಹಕ್ಕಿ ಪ್ರತ್ಯಕ್ಷ" ಎಂಬ ಸುದ್ದಿ ಪ್ರತಿ ಅಕ್ಟೋಬರ್‌ನಲ್ಲಿ ಒಂದಲ್ಲ ಒಂದು ಊರಿನಿಂದ ಬರುತ್ತದೆ. ಆದರೆ ಅಪರೂಪ ಎಂಬ ಪದ ಒಂದೇ ಆದರೂ ಅದರ ಹಿಂದಿನ ಸಂಗತಿ ಒಂದೇ ಅಲ್ಲ.

ಪೈಡ್ ಥ್ರಷ್ ಎಂಬ ಹಕ್ಕಿಯನ್ನೇ ನೋಡಬಹುದು. ಗಂಡು ಕಪ್ಪು-ಬಿಳುಪು, ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬು. ಹಿಮಾಲಯದ ಇಳಿಜಾರುಗಳಲ್ಲಿ ಮರಿ ಮಾಡುವ ಈ ಹಕ್ಕಿ ಚಳಿಗಾಲ ಕಳೆಯುವುದು ಮುಖ್ಯವಾಗಿ ಶ್ರೀಲಂಕೆಯ ಬೆಟ್ಟಗಳಲ್ಲಿ. ನಡುವೆ ಇರುವುದು ಇಡೀ ಪರ್ಯಾಯ ದ್ವೀಪ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ದಾಟಲೇಬೇಕು. ಆದರೂ ಕರ್ನಾಟಕದಲ್ಲಿ ಅದನ್ನು ಕಂಡವರು ವಿರಳ. ಕಾರಣ ಸರಳ: ಅದು ರಾತ್ರಿ ಹಾರುತ್ತದೆ, ಹಗಲಿನಲ್ಲಿ ದಟ್ಟ ಪೊದೆಯ ನೆರಳಿನಲ್ಲಿ ಅಡಗಿರುತ್ತದೆ, ಮರುರಾತ್ರಿ ಹೊರಟುಹೋಗುತ್ತದೆ. ನಾಡು ಮಲಗಿರುವಾಗ ನೆತ್ತಿಯ ಮೇಲೆ ಸಾಗಿಹೋಗುವ ಹಕ್ಕಿಗೆ ಅಪರೂಪ ಎನ್ನುವುದಕ್ಕಿಂತ ಅಗೋಚರ ಎನ್ನುವುದೇ ಸೂಕ್ತ. ಸಣ್ಣ ಹಕ್ಕಿಗಳಲ್ಲಿ ಬಹುಪಾಲು ರಾತ್ರಿಯ ಪ್ರಯಾಣಿಕರೇ. ತಂಪಾದ, ಸ್ಥಿರವಾದ ಗಾಳಿ, ಬೇಟೆ ಹದ್ದುಗಳ ಕಾಟವಿಲ್ಲದಿರುವುದು, ಹಗಲು ಹೊಟ್ಟೆ ತುಂಬಿಸಿಕೊಳ್ಳಲು ಸಮಯ ಸಿಗುವುದು ಇದಕ್ಕೆ ಕಾರಣಗಳು. ನಕ್ಷತ್ರಗಳ ಸ್ಥಾನ, ಭೂಮಿಯ ಕಾಂತಕ್ಷೇತ್ರ ಹಾಗೂ ಮುಳುಗುವ ಸೂರ್ಯನ ದಿಕ್ಕು ಅವುಗಳ ದಿಕ್ಸೂಚಿಗಳು.

ಎರಡನೆಯ ಬಗೆಯದು ನಿಜಕ್ಕೂ ಸಂಖ್ಯೆಯಲ್ಲಿ ಕಡಿಮೆಯಿರುವ ಹಕ್ಕಿ. ಕಾಶ್ಮೀರ ನೊಣಹಿಡುಕ ಇದಕ್ಕೆ ಉದಾಹರಣೆ. ವಾಯವ್ಯ ಹಿಮಾಲಯದ ಸೀಮಿತ ಪ್ರದೇಶದಲ್ಲಿ ಮಾತ್ರ ಮರಿ ಮಾಡುವ, ಗಂಡಿನ ಗಂಟಲು-ಎದೆ ಇಟ್ಟಿಗೆಗೆಂಪಾಗಿರುವ ಈ ಪುಟ್ಟ ಹಕ್ಕಿ ನೀಲಗಿರಿ ಮತ್ತು ಶ್ರೀಲಂಕೆಯ ಎತ್ತರದ ಬೆಟ್ಟಗಳಲ್ಲಿ ಚಳಿಗಾಲ ಕಳೆಯುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಹುದಾದ ಪ್ರಭೇದ. ಇಂತಹ ಹಕ್ಕಿ ದಾರಿಯಲ್ಲಿ ಎಲ್ಲಿ ಇಳಿದು ವಿಶ್ರಮಿಸಿತು ಎಂಬ ಒಂದೊಂದು ಮಾಹಿತಿಗೂ ಬೆಲೆಯಿದೆ.

ಮೂರನೆಯದು ದಾರಿ ತಪ್ಪಿ ಬಂದವು. ಅನನುಭವಿ ಮರಿಗಳು ತಪ್ಪು ದಿಕ್ಕಿಗೆ ತಿರುಗುವುದುಂಟು, ಚಂಡಮಾರುತಗಳು ಹೊತ್ತು ತರುವುದೂ ಉಂಟು. ನಡುಗಡಲಿನಲ್ಲಿಯೇ ಬದುಕುವ ಫ್ರಿಗೇಟ್ ಹಕ್ಕಿ, ಬೂಬಿ, ಸೂಟಿ ಟರ್ನ್‌ಗಳು ಮುಂಗಾರಿನ ಬಿರುಗಾಳಿಗೆ ಸಿಲುಕಿ ಮಂಗಳೂರು, ಉಡುಪಿಯ ಕಡಲತೀರಗಳಲ್ಲಿ ನಿತ್ರಾಣಗೊಂಡು ಬೀಳುವುದು ಈ ಬಗೆಯದು. ಕ್ಯಾಮೆರಾಗಳನ್ನು ಅತಿ ಹೆಚ್ಚು ಸೆಳೆಯುವುದೂ ಇವೇ. ವಿಜ್ಞಾನದ ದೃಷ್ಟಿಯಿಂದ ಮಾತ್ರ ದಾರಿ ತಪ್ಪಿದ ಒಂದು ಹಕ್ಕಿಗಿಂತ ದಾರಿ ತಪ್ಪದ ಸಾವಿರ ಹಕ್ಕಿಗಳ ಲೆಕ್ಕ ಮಹತ್ವದ್ದು.

ಕಡಲು ದಾಟುವವರು

ಹಾದುಹೋಗುವವರ ಪೈಕಿ ಅಮುರ್ ಚಾಣದ ಕಥೆ ವಿಶಿಷ್ಟ. ಪೂರ್ವ ಸೈಬೀರಿಯಾ ಹಾಗೂ ಉತ್ತರ ಚೀನಾದಲ್ಲಿ ಮರಿ ಮಾಡಿ ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲ ಕಳೆಯುವ, ಪಾರಿವಾಳಕ್ಕಿಂತ ಚಿಕ್ಕದಾದ ಈ ಬೇಟೆಹಕ್ಕಿ ಅಕ್ಟೋಬರ್-ನವೆಂಬರ್‌ನಲ್ಲಿ ಈಶಾನ್ಯ ಭಾರತದಲ್ಲಿ ಭಾರಿ ಸಂಖ್ಯೆಯಲ್ಲಿ ತಂಗುತ್ತದೆ. 2012ರಲ್ಲಿ ನಾಗಾಲ್ಯಾಂಡ್‌ನ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ದಿನವೊಂದಕ್ಕೆ ಸಾವಿರಾರು ಚಾಣಗಳನ್ನು ಕೊಲ್ಲುತ್ತಿದ್ದುದು ಬಯಲಾದಾಗ ಜಗತ್ತೇ ದಂಗಾಯಿತು. ಮರುವರ್ಷವೇ ಅಲ್ಲಿಯ ಪಾಂಗ್ತಿ ಮುಂತಾದ ಹಳ್ಳಿಗಳ ಜನ ಬೇಟೆ ನಿಲ್ಲಿಸಿದರು. ಪರಿಸರ ಹೋರಾಟಗಳಲ್ಲಿ ಇಷ್ಟು ಬೇಗ ಫಲ ಕಂಡ ಪ್ರಸಂಗ ಹೆಚ್ಚಿಲ್ಲ. 2013ರ ನವೆಂಬರ್‌ನಲ್ಲಿ ನಾಗಾ, ಪಾಂಗ್ತಿ, ವೋಖಾ ಎಂದು ಹೆಸರಿಟ್ಟ ಮೂರು ಚಾಣಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಬಿಟ್ಟಾಗ, ಅವು ಪರ್ಯಾಯ ದ್ವೀಪವನ್ನು ದಾಟಿ ಅರಬ್ಬಿ ಸಮುದ್ರದ ಮೇಲೆ ಎಲ್ಲಿಯೂ ಇಳಿಯದೆ ಆಫ್ರಿಕಾದ ಕಡೆಗೆ ಹಾರುವುದು ಖಚಿತವಾಯಿತು. ಕರ್ನಾಟಕದಲ್ಲಿ ನವೆಂಬರ್ ಮತ್ತು ಡಿಸೆಂಬರ್ ಆರಂಭದಲ್ಲಿ ಇವು ಆಗೊಮ್ಮೆ ಈಗೊಮ್ಮೆ ಕಾಣಸಿಗುವುದು ಈ ಪಯಣದ ಕಾರಣಕ್ಕೇ.

ನಡುಗಡಲಿನಲ್ಲಿ ಅವುಗಳಿಗೆ ಆಹಾರವೇನು? ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಕಡಲ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಮುಂದಿಟ್ಟ ವಿವರಣೆ ಕುತೂಹಲಕರವಾಗಿದೆ. ಮಳೆಗಾಲದ ಕೊನೆಯಲ್ಲಿ ನಮ್ಮ ಮೈದಾನಗಳ ಮೇಲೆ ತೇಲಾಡುವ ಹಳದಿ ಏರೋಪ್ಲೇನ್ ಚಿಟ್ಟೆಗಳು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಇದೇ ಋತುವಿನಲ್ಲಿ, ಇದೇ ಗಾಳಿಯನ್ನು ಹಿಡಿದು ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎಂಬುದು ಅವರ ವಾದ. ಚಾಣಗಳಿಗೆ ದಾರಿಯುದ್ದಕ್ಕೂ ಬುತ್ತಿ ಜೊತೆಯಲ್ಲೇ ಹಾರುತ್ತಿರುತ್ತದೆ ಎಂದಾಯಿತು.

ಕೋಗಿಲೆ ಜಾತಿಯ ಒಂದು ಹಕ್ಕಿಯೂ ಇದೇ ರೀತಿಯಲ್ಲಿ ಹೆಸರು ಮಾಡಿತು. 2019ರ ಬೇಸಿಗೆಯಲ್ಲಿ ಮಂಗೋಲಿಯಾದಲ್ಲಿ ಉಪಗ್ರಹ ಸಾಧನ ಧರಿಸಿದ ಓನೊನ್ ಎಂಬ ಹೆಸರಿನ ಕಕ್ಕೂ ಭಾರತವನ್ನು ಹಾದು, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಆಫ್ರಿಕಾ ಭಾಗದ ಜಾಂಬಿಯಾ ತಲುಪಿ, 2020ರ ಮೇ ತಿಂಗಳಲ್ಲಿ ಮಂಗೋಲಿಯಾಕ್ಕೆ ಮರಳಿತು. ಒಟ್ಟು ಪ್ರಯಾಣ ಸುಮಾರು 26,000 ಕಿಲೋಮೀಟರ್. ಜಗತ್ತು ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿಕೊಂಡಿದ್ದ ದಿನಗಳವು.

ಮಾಗಡಿ ಕೆರೆಯ ಬಾತುಗಳು

ಇಲ್ಲಿಯೇ ಚಳಿಗಾಲ ಕಳೆಯುವವುಗಳಲ್ಲಿ ಕರ್ನಾಟಕಕ್ಕೆ ಹೆಸರು ತಂದಿರುವುದು ಪಟ್ಟೆತಲೆ ಬಾತು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುವುದರಿಂದ ಈ ಹೆಸರು. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ದಡದಲ್ಲಿ ಮರಿ ಮಾಡಿ ಹಿಮಾಲಯವನ್ನು ದಾಟಿ ಬರುತ್ತವೆ. ಎವರೆಸ್ಟ್‌ನ ಮೇಲೆ ಹಾರುತ್ತವೆ ಎಂಬ ಮಾತು ಜನಜನಿತವಾದರೂ, ಉಪಗ್ರಹ ಸಾಧನಗಳ ನೆರವಿನ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಬಹುಪಾಲು ಹಾರಾಟ ಅದಕ್ಕಿಂತ ಸಾಕಷ್ಟು ತಗ್ಗಿನಲ್ಲಿ, ಬೆಟ್ಟದ ಏರಿಳಿತಗಳನ್ನು ಅನುಸರಿಸಿಯೇ ನಡೆಯುತ್ತದೆ. ವಿರಳ ಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಎಂಟು ಸಾವಿರದವರೆಗೆ ಈ ಬಾತುಗಳು ಬರುವುದುಂಟು. ಕೆರೆಯ ವಿಸ್ತೀರ್ಣ ಸುಮಾರು 50 ಹೆಕ್ಟೇರ್ ಮಾತ್ರ. ಹಗಲೆಲ್ಲ ನೀರಿನಲ್ಲಿ ವಿಶ್ರಮಿಸುವ ಹಿಂಡುಗಳು ಸಂಜೆ ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. ಸೈಬೀರಿಯಾದ ತಂಡ್ರಾದಲ್ಲಲ್ಲ, ಶೇಂಗಾ-ಕಡಲೆಯ ಹೊಲಗಳಲ್ಲಿ ಅವುಗಳ ಚಳಿಗಾಲದ ಬದುಕು ಸಾಗುವುದರಿಂದ, ಸುತ್ತಲಿನ ರೈತರ ಸೈರಣೆಯೇ ಈ ಕೆರೆಯ ದೊಡ್ಡ ಕಾವಲು. 2024ರ ಜನವರಿಯಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದವು. ರಂಗನತಿಟ್ಟಿಗೆ ಆ ಮಾನ್ಯತೆ 2022ರಲ್ಲಿಯೇ ದೊರೆತಿತ್ತು. ಇವುಗಳಲ್ಲಿ ಮಾಗಡಿ ಮತ್ತು ಅಂಕಸಮುದ್ರ ಎರಡೂ ನೀರಾವರಿಗಾಗಿ ಜನ ಕಟ್ಟಿದ ಕೆರೆಗಳು.

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯೂ ಇವುಗಳ ನೆಚ್ಚಿನ ತಾಣ. ಮಂಗೋಲಿಯಾದಲ್ಲಿ ಕತ್ತಿಗೆ ಬಣ್ಣದ ಪಟ್ಟಿ ತೊಡಿಸಿದ ಬಾತುಗಳು ಇಲ್ಲಿ ಕಂಡುಬಂದಿವೆ. ಪಟ್ಟಿಯ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ದುರ್ಬೀನಿನಲ್ಲಿ ಓದಿ ತಿಳಿಸಿದರೆ ಆ ಹಕ್ಕಿ ಎಲ್ಲಿ, ಯಾವಾಗ ಪಟ್ಟಿ ಧರಿಸಿತು ಎಂಬ ವಿವರ ದೊರೆಯುತ್ತದೆ.

ಕಂಡದ್ದು ದಾಖಲೆಯಾಗುವ ಬಗೆ

ಹಿಂದೆ ವಿರಳ ಹಕ್ಕಿಯೊಂದನ್ನು ಕಂಡವರು ಟಿಪ್ಪಣಿ ಪುಸ್ತಕದಲ್ಲಿ ಬರೆದು, ಮುಂಬೈನ ಬಿಎನ್‌ಎಚ್‌ಎಸ್‌ನ ನಿಯತಕಾಲಿಕಕ್ಕೆ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಇ-ಬರ್ಡ್ ಜಾಲತಾಣಕ್ಕೆ ಕೆರೆಯ ದಂಡೆಯಿಂದಲೇ ಪಟ್ಟಿ ಸೇರುತ್ತದೆ. ಸ್ಥಳಕ್ಕೂ ಋತುವಿಗೂ ಹೊಂದದ ಹಕ್ಕಿಯ ಹೆಸರು ಬಂದರೆ ಆ ಪ್ರದೇಶವನ್ನು ಬಲ್ಲ ಸ್ವಯಂಸೇವಕ ಪರಿಶೀಲಕರು ವಿವರ ಕೇಳುತ್ತಾರೆ. ಚಿತ್ರ, ಕೂಗಿನ ಧ್ವನಿಮುದ್ರಣ, ದಿನಾಂಕ, ಸಮಯ, ನಿಖರ ಸ್ಥಳ ಇದ್ದರೆ ಮಾತ್ರ ದಾಖಲೆ ನಿಲ್ಲುತ್ತದೆ. ಸಾಕುಪಂಜರದಿಂದ ತಪ್ಪಿಸಿಕೊಂಡ ಹಕ್ಕಿಗಳು, ಬಣ್ಣಗೇಡಿನ ಸಾಮಾನ್ಯ ಹಕ್ಕಿಗಳು, ಇತ್ತೀಚೆಗೆ ಯಂತ್ರ ಸೃಷ್ಟಿಸಿದ ಚಿತ್ರಗಳು ಎಂತಹವರನ್ನೂ ಏಮಾರಿಸಬಹುದು.

ಹೀಗೆ ಸಾಮಾನ್ಯ ಜನ ಸೇರಿಸಿದ ಲೆಕ್ಕಗಳೇ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023' ವರದಿಗೆ ಆಧಾರವಾದವು. ಸುಮಾರು 30,000 ಪಕ್ಷಿವೀಕ್ಷಕರ 3 ಕೋಟಿ ದಾಖಲೆಗಳನ್ನು ಬಳಸಿ ಸಿದ್ಧವಾದ ಈ ವರದಿಯ ಪ್ರಕಾರ, ದೀರ್ಘಕಾಲದ ಪ್ರವೃತ್ತಿ ತಿಳಿಯಲು ಸಾಕಷ್ಟು ಮಾಹಿತಿಯಿದ್ದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿವೆ. ದೂರದ ನಾಡುಗಳಿಂದ ಬರುವ ವಲಸಿಗರದು ಅದರಲ್ಲಿಯೂ ಕಳವಳಕಾರಿ ಸ್ಥಿತಿ. ಇದು ಗೊತ್ತಾದದ್ದು ಅಪರೂಪದ ಹಕ್ಕಿಗಳ ಚಿತ್ರಗಳಿಂದಲ್ಲ. ಸಿಪಿಲೆ, ಗೊರವ, ಕಳಿಂಗಗಳನ್ನು ಬೇಸರವಿಲ್ಲದೆ ವರ್ಷ ವರ್ಷವೂ ಎಣಿಸಿದವರಿಂದ.

ಅಪರೂಪದ ಹಕ್ಕಿಯ ಸುದ್ದಿ ಮೊಬೈಲ್ ಗುಂಪುಗಳಲ್ಲಿ ಹರಿದಾಡಿದ ಮರುದಿನವೇ ಡಜನ್‌ಗಟ್ಟಲೆ ಲೆನ್ಸ್‌ಗಳು ಸ್ಥಳಕ್ಕೆ ಧಾವಿಸುವುದು ಈಚಿನ ಪಿಡುಗು. ಕೂಗಿನ ಧ್ವನಿಮುದ್ರಣ ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದು, ಹಾರಾಟದ ಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸುವುದು ಇವೆಲ್ಲ ಸಾವಿರಾರು ಕಿಲೋಮೀಟರ್ ಹಾರಿ ಕೊಬ್ಬು ಕರಗಿಸಿಕೊಂಡು ಬಂದ ಜೀವದ ಉಳಿದ ತ್ರಾಣವನ್ನೂ ಹೀರುತ್ತವೆ.

ಕೆರೆ ಇದೆ, ಕೆಸರಿಲ್ಲ

ಬೇಟೆಗಿಂತ ದೊಡ್ಡ ಅಪಾಯ ಸದ್ದಿಲ್ಲದ್ದು. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾಟುಲಿಸಂ ವಿಷದಿಂದ ಹದಿನೆಂಟು ಸಾವಿರದಷ್ಟು ಹಕ್ಕಿಗಳು ಸತ್ತದ್ದು ದೇಶದ ಗಮನ ಸೆಳೆಯಿತು. ಕೆರೆಗಳು ತಮ್ಮ ಆಕಾರ ಕಳೆದುಕೊಳ್ಳುವುದು ಅಷ್ಟಾಗಿ ಸುದ್ದಿಯಾಗುವುದಿಲ್ಲ. ಬೆಂಗಳೂರಿನ ಅನೇಕ ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಬಟ್ಟಲಿನಂತೆ ಆಳವಾಗಿ ತೋಡಿ, ಸುತ್ತ ಕಲ್ಲು ಕಟ್ಟಿ, ನಡಿಗೆ ಪಥ ಹಾಕಲಾಗಿದೆ. ನೀರು ನಿಂತಿದೆ, ನೋಟವೂ ಚೆನ್ನಾಗಿದೆ. ಆದರೆ ಎರಡು ಅಂಗುಲ ನೀರಿನಲ್ಲಿ ನಡೆದು ಕೆಸರಿನಿಂದ ಹುಳು ಹೆಕ್ಕುವ ಗೊರವಕ್ಕೆ ಅಲ್ಲಿ ಕಾಲಿಡಲು ಜಾಗವಿಲ್ಲ. ಹುಲ್ಲುಗಾವಲುಗಳ ಕಥೆಯೂ ಭಿನ್ನವಲ್ಲ. ಕಂದಾಯ ಕಡತಗಳಲ್ಲಿ ಬಂಜರು ಎಂದು ನಮೂದಾಗಿರುವ ಭೂಮಿಯೇ ಕಜಾಕಸ್ತಾನದಿಂದ ಬರುವ ಸೆಳೆವಗಳು ಗುಂಪಾಗಿ ನೆಲದಲ್ಲಿ ರಾತ್ರಿ ಕಳೆಯುವ ಮನೆ. ಅಲ್ಲಿ ಗಿಡ ನೆಟ್ಟರೂ, ನಿವೇಶನ ಮಾಡಿದರೂ ಅವುಗಳ ಪಾಲಿಗೆ ಒಂದೇ.

ನಗರವಾಸಿಗಳ ಮನೆ ಬಾಗಿಲಿಗೇ ಬರುವ ಪ್ರಕರಣ ನವರಂಗದ್ದು. ಹಸಿರು ಬೆನ್ನು, ನೀಲಿ ಮಿಂಚಿನ ರೆಕ್ಕೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬಾಲದಡಿ ಕಡುಗೆಂಪು. ಹಿಮಾಲಯದ ತಪ್ಪಲು ಹಾಗೂ ಮಧ್ಯಭಾರತದ ಕಾಡುಗಳಿಂದ ರಾತ್ರಿ ಹಾರಿ ಬರುವ ಈ ಹಕ್ಕಿ ಅಕ್ಟೋಬರ್-ನವೆಂಬರ್‌ನಲ್ಲಿ ನಗರದ ದೀಪಗಳಿಗೆ ದಿಕ್ಕೆಟ್ಟು, ಗಾಜಿನಲ್ಲಿ ಪ್ರತಿಫಲಿಸಿದ ಮರ-ಆಕಾಶವನ್ನು ನಿಜವೆಂದು ನಂಬಿ ಡಿಕ್ಕಿ ಹೊಡೆದು ಬಾಲ್ಕನಿಗಳಲ್ಲಿ, ಕಚೇರಿ ಮೆಟ್ಟಿಲುಗಳಲ್ಲಿ ಬೀಳುತ್ತದೆ. ಅಂತಹ ಹಕ್ಕಿ ಸಿಕ್ಕಾಗ ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಿನ, ಸದ್ದಿಲ್ಲದ ಕಡೆ ಒಂದೆರಡು ಗಂಟೆ ಇಡುವುದು ಮೊದಲ ಉಪಚಾರ. ಬಾಯಿಗೆ ನೀರು ಹನಿಸಬಾರದು, ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಕುತ್ತಾಗಬಹುದು. ಅನ್ನ, ಬ್ರೆಡ್ಡು ಹಾಕುವುದೂ ಬೇಡ, ಇದು ಕೀಟಭಕ್ಷಕ. ಚೇತರಿಸಿಕೊಂಡರೆ ಹತ್ತಿರದ ಮರಗಿಡಗಳಿರುವ ಜಾಗದಲ್ಲಿ ಬಿಡಬಹುದು. ರೆಕ್ಕೆ ಜೋತಿದ್ದರೆ ಅರಣ್ಯ ಇಲಾಖೆಗೋ ವನ್ಯಜೀವಿ ಶುಶ್ರೂಷಾ ಕೇಂದ್ರಕ್ಕೋ ತಿಳಿಸಬೇಕು. ಚೆಂದವೆಂದು ಪಂಜರದಲ್ಲಿ ಇರಿಸಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದೊಡ್ಡ ಕಿಟಕಿಗಳ ಹೊರಮೈಗೆ ಎರಡೆರಡು ಅಂಗುಲ ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸುವುದು, ಈ ಎರಡು ತಿಂಗಳು ಅನಗತ್ಯ ಹೊರದೀಪಗಳನ್ನು ರಾತ್ರಿ ಆರಿಸುವುದು ಡಿಕ್ಕಿಗಳನ್ನು ತಗ್ಗಿಸುವ ದಾರಿಗಳು.

ಬದುಕುಳಿದ ನವರಂಗ ಯಾವುದಾದರೂ ತೋಟದ ತರಗೆಲೆಗಳ ನಡುವೆ ಚಳಿಗಾಲ ಕಳೆಯುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಎರಡೇ ಸ್ವರದ ಸಿಳ್ಳೆ ಹಾಕುವುದರಿಂದ ತಮಿಳುನಾಡಿನಲ್ಲಿ ಇದನ್ನು ಆರು ಗಂಟೆಯ ಹಕ್ಕಿ ಎನ್ನುತ್ತಾರೆ. ಏಪ್ರಿಲ್‌ನ ಹೊತ್ತಿಗೆ ಆ ಸಿಳ್ಳೆ ನಿಲ್ಲುತ್ತದೆ. ಹಕ್ಕಿ ಆಗ ಉತ್ತರದ ಕಡೆಗೆ, ಮೊದಲ ಮಳೆಗೆ ಗೂಡು ಕಟ್ಟುವ ಕಾಡುಗಳತ್ತ ಹೊರಟಿರುತ್ತದೆ.